ಖಡಕ್ ರೊಟ್ಟಿಯ ಕಾರು

ಮದುವೆಯಾಗಿ ಬಂದ ಇಪ್ಪತ್ತಾರು ವರ್ಷಗಳಲ್ಲಿ ಭಾಗ್ಯಶ್ರೀ ಗಂಡನ ಎಲ್ಲ ರಿಪೇರಿಗಳಿಗೂ ಟಾರ್ಚ್ ಹಿಡಿದಿದ್ದಾಳೆ. ಮಿಕ್ಸರ್, ಗೀಸರ್, ಅಡುಗೆಮನೆಯ ಸಿಂಕಿನ ಪೈಪು, ಮೊದಲಿದ್ದ ಸ್ಕೂಟರು, ಈಗಿನ ಕಾರು. ಶಶಿಕಾಂತ ರಿಪೇರಿ ಮುಗಿಸಿ, ಪಕ್ಕದ ಮನೆಯವರಿಗೆ "ಒಬ್ಬನೇ ಕುಂತು ಮಾಡಿದೆ ನೋಡ್ರಿ" ಎಂದು ಹೇಳುವಾಗ, ಅವನು ಕೈ ಒರೆಸಿಕೊಳ್ಳಲು ಬೇಕಾದ ಬಟ್ಟೆ ಹಿಡಿದುಕೊಂಡು ಹಿಂದೆ ನಿಂತವಳೂ ಅವಳೇ. ಟಾರ್ಚ್ ಹಿಡಿಯುವುದು ಕೆಲಸವೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅವಳಿಗೂ ಅನ್ನಿಸಿರಲಿಲ್ಲ. ಆದರೆ ಕೆಳಗೆ ಮಲಗಿದವನಿಗೆ ಒಂದು ಬೋಲ್ಟು ಕಂಡರೆ, ಬೆಳಕು ಹಿಡಿದವಳಿಗೆ ಬೋಲ್ಟೂ ಕಾಣುತ್ತದೆ, ಅದನ್ನು ಯಾವ ಕಡೆಗೆ ತಿರುಗಿಸಿದ ಎನ್ನುವುದೂ ಕಾಣುತ್ತದೆ, ಕೊನೆಗೆ ನೆಲದ ಮೇಲೆ ಎಷ್ಟು ಸ್ಕ್ರೂ ಉಳಿದವು ಎನ್ನುವುದೂ ಕಾಣುತ್ತದೆ.

ಇಬ್ಬರೂ ಹುಮನಾಬಾದ್ ಕಡೆಯವರು. ಶಶಿಕಾಂತ ಬಿಡಕಿನ್‌ನ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದಾನೆ. ತಯಾರಾದ ಬಿಡಿಭಾಗಗಳನ್ನು ಅಳೆದು 'ಪಾಸ್' ಅಥವಾ 'ರಿಜೆಕ್ಟ್' ಎಂದು ಚೀಟಿ ಅಂಟಿಸುವುದು ಅವನ ಕೆಲಸ. ಸಂಭಾಜಿನಗರದಲ್ಲಿ ಅವರದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯ ಮನೆ. ಅಲ್ಲಿ ಭಾಗ್ಯಶ್ರೀ ಹನ್ನೊಂದು ವರ್ಷಗಳಿಂದ ಖಡಕ್ ಜೋಳದ ರೊಟ್ಟಿ ಬಡಿಯುತ್ತಾಳೆ. ನಾಸಿಕ್ ರೋಡಿನಲ್ಲಿ ಸ್ಟೇಷನ್ನಿಗೆ ಹತ್ತಿರ ಒಂದು ಹೋಟೆಲಿದೆ. ಕುಂದಾಪುರದ ಕಡೆಯ ಉಮಾನಾಥ ಗಲ್ಲೆಯಲ್ಲಿ ಕೂರುತ್ತಾನೆ, ಅವನ ಹೆಂಡತಿ ಸುಗುಣಾ ಅಡುಗೆಮನೆ ನಡೆಸುತ್ತಾಳೆ. ಶನಿವಾರ, ಭಾನುವಾರ ಅಲ್ಲಿ 'ಉತ್ತರ ಕರ್ನಾಟಕ ಊಟ' ಇರುತ್ತದೆ. ಅದರ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲವೂ ಭಾಗ್ಯಶ್ರೀಯದು. ಬುಧವಾರ, ಗುರುವಾರ ಎರಡು ದಿನ ಬಡಿದರೆ ಆರುನೂರ ನಲವತ್ತು ರೊಟ್ಟಿ. ಎಂಬತ್ತೆಂಬತ್ತರಂತೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಎಂಟು ರಟ್ಟಿನ ಡಬ್ಬಗಳಲ್ಲಿ ಇಡುತ್ತಾಳೆ. ಆ ಎರಡು ದಿನ ಮನೆಯವರಿಗೆ ಚಪಾತಿಯನ್ನೇ ಮಾಡಬೇಕು. ಜೋಳದ ವಾಸನೆಯಿಂದ ಶಶಿಕಾಂತನಿಗೆ ಬೇಸರವಾಗಿರುತ್ತದೆ.

ಶುಕ್ರವಾರ ಕಾರ್ಖಾನೆಗೆ ರಜೆ. ಬೆಳಿಗ್ಗೆ ಭಾಗ್ಯಶ್ರೀ ಎಂಟು ಡಬ್ಬ, ಮೂರು ಚಟ್ನಿ ಡಬ್ಬಿಗಳನ್ನು ಮೂರು ಮಹಡಿ ಇಳಿಸುತ್ತಾಳೆ. ಅಷ್ಟು ಹೊತ್ತು ಶಶಿಕಾಂತ ಕೆಳಗೆ ಎಂಜಿನ್ ಬಿಸಿ ಮಾಡುತ್ತಾನೆ. ಆಮೇಲೆ ವೈಜಾಪುರ, ಯೇವಲಾ, ನಿಫಾಡ್ ದಾಟಿ ನಾಲ್ಕು ತಾಸಿನ ಹಾದಿ. ಹಿಂದಿನ ಸೀಟಿನ ಒಂದು ಮೂಲೆಯಲ್ಲಿ ಶಶಿಕಾಂತನ ತಾಯಿ ಮಲ್ಲಮ್ಮ ಇರುತ್ತಾಳೆ. ಗೋದಾವರಿಯ ದರ್ಶನಕ್ಕೆ ಎಂದು ಹೊರಡುವ ಮಲ್ಲಮ್ಮ ಸುಗುಣಾಳ ಮಸಾಲೆ ದೋಸೆಯ ದರ್ಶನ ಮಾಡಿಕೊಂಡು ಹಿಂದಿರುಗುತ್ತಾಳೆ. ಹೊಳೆ ಎಲ್ಲಿ ಹೋಗುತ್ತದೆ, ಮುಂದಿನ ವಾರವೂ ಇರುತ್ತದೆ ಎನ್ನುತ್ತಾಳೆ.

ಈ ಏರ್ಪಾಡು ಸುಗಮವಾಗಿ ನಡೆದಿರುವಾಗ ಶಶಿಕಾಂತ ಕಾರನ್ನು ತಗ್ಗಿಸಿದ.

ಕಾರ್ಖಾನೆಯ ಪಾರ್ಕಿಂಗಿನಲ್ಲಿ ನಿತೀಶ್ ಎಂಬ ಹೊಸ ಇಂಜಿನಿಯರನ ಕಾರು ನೆಲಕ್ಕೆ ಅಂಟಿಕೊಂಡಂತೆ ನಿಲ್ಲುತ್ತಿತ್ತು. ಅದನ್ನು ಮೂರು ತಿಂಗಳು ನೋಡಿ ನೋಡಿ ಐವತ್ತೊಂದರ ಶಶಿಕಾಂತನಿಗೆ ತನ್ನ ಕಾರು ಏಣಿಯ ಮೇಲೆ ನಿಂತಂತೆ ಕಾಣತೊಡಗಿತು. ಕೊನೆಗೆ ಕಾಯಿಲ್‌ಓವರ್ ತರಿಸಿದ. ಹಾಗೆಂದರೆ ಕಾರಿನ ಜೊತೆ ಬಂದ ಶಾಕಪ್, ಸ್ಪ್ರಿಂಗ್ ಕಿತ್ತು ಅದರ ಜಾಗಕ್ಕೆ ಹಾಕುವ ಹೊಸ ಜೋಡಣೆ. ಸ್ಪ್ರಿಂಗು ಒಂದು ಬಟ್ಟಲಿನ ಮೇಲೆ ಕೂರುತ್ತದೆ. ಬಟ್ಟಲು ಕೂರುವ ಕಂಬಕ್ಕೆ ಬೋಲ್ಟಿನ ಹಾಗೆ ಮೇಲಿಂದ ಕೆಳಗೆ ಥ್ರೆಡ್ ಕೊರೆದಿರುತ್ತದೆ. ಬಟ್ಟಲನ್ನು ತಿರುಗಿಸಿ ಮೇಲೇರಿಸಿದರೆ ಕಾರು ಏರುತ್ತದೆ, ಕೆಳಗಿಳಿಸಿದರೆ ಕಾರು ತಗ್ಗುತ್ತದೆ. ಬಟ್ಟಲು ಅಲ್ಲಾಡದಂತೆ ಅದರ ಕೆಳಗೊಂದು ಬೀಗದ ರಿಂಗು. ಪೈಠಣ ರಸ್ತೆಯ ಗ್ಯಾರೇಜಿನ ಸಾಯಬಣ್ಣ ಕಟ್ಟಡದ ಪಾರ್ಕಿಂಗಿಗೇ ಬಂದು ನಾಲ್ಕೂ ಚಕ್ರಗಳಿಗೆ ಅದನ್ನು ಕೂರಿಸಿಕೊಟ್ಟ. ಎತ್ತರವನ್ನು ಮಾತ್ರ ಶಶಿಕಾಂತ ತಾನೇ ಹೊಂದಿಸಿದ. ಭಾಗ್ಯಶ್ರೀ ಐದು ತಾಸು ಟಾರ್ಚ್ ಹಿಡಿದಳು, ನಡುವೆ ನಾಲ್ಕು ಸಲ ಚಹಾ ತಂದಳು.

ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಿತು.

"ನೋಡು ಭಾಗ್ಯಾ, ಹ್ಯಾಂಗ ಕುಂತದ! ಎಕ್‌ದಂ ಹುಲಿ ಕುಂತಂಗ!"

ಬಾಲ್ಕನಿಯಿಂದ ಮಲ್ಲಮ್ಮ ಬಗ್ಗಿ ನೋಡಿದಳು. "ಹುಲಿ ಅಲ್ಲೋ ಶಶ್ಯಾ, ಕಪ್ಪಿ ಕುಂತಂಗ ಕಾಣ್ತದ."

ಮುಂದಿನ ಶುಕ್ರವಾರ ನಾಸಿಕ್ ರೋಡಿನಲ್ಲಿ ಡಬ್ಬ ತೆರೆದಾಗ ಪ್ರತಿ ಸೀರೆಯ ಗಂಟಿನೊಳಗೂ ಗರಗರ ಸದ್ದಾಯಿತು. ಅರ್ಧಕ್ಕಿಂತ ಹೆಚ್ಚು ರೊಟ್ಟಿ ಚೂರಾಗಿತ್ತು.

"ಎಂತ ಅಕ್ಕ ಇದು?" ಉಮಾನಾಥ ಒಂದು ತುಂಡನ್ನು ಎರಡು ಬೆರಳಲ್ಲಿ ಎತ್ತಿದ. "ನಾನು ರೊಟ್ಟಿ ಕೇಳಿದ್ದು ಮಾರಾಯ್ರೆ, ಕಪಾಟಿನ ಗಾಜು ಕೇಳ್ಲಿಲ್ಲ."

ಭಾಗ್ಯಶ್ರೀಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹನ್ನೊಂದು ವರ್ಷದಲ್ಲಿ ಅವಳು ಇಂಥ ಮಾತು ಕೇಳಿರಲಿಲ್ಲ. ಬಸ್ಸಿನಲ್ಲಿ ತರುತ್ತಿದ್ದ ದಿನಗಳಲ್ಲೂ ಡಬ್ಬಕ್ಕೆ ಒಂದೋ ಎರಡೋ ಮುರಿಯುತ್ತಿತ್ತು, ಅಷ್ಟೇ.

ಹಿಂದಿರುಗುವಾಗ ಶಶಿಕಾಂತ ತನಿಖೆ ಶುರುಮಾಡಿದ. ಕಾರ್ಖಾನೆಯಲ್ಲಿ ಒಂದು ತಪ್ಪು ಕಂಡರೆ ಅದರ ಬೇರು ಸಿಗುವ ತನಕ ಐದು ಸಲ 'ಯಾಕೆ' ಎಂದು ಕೇಳಬೇಕಂತೆ. ಅವನು ಕೇಳತೊಡಗಿದ್ದು ಭಾಗ್ಯಶ್ರೀಯನ್ನೇ.

"ರೊಟ್ಟಿ ಯಾಕ ಮುರದಾವ?"

"ಒಣಗ್ಯಾವ, ಮುರದಾವ."

"ಯಾಕ ಒಣಗ್ಯಾವ?"

"ಖಡಕ್ ರೊಟ್ಟಿ ರೀ ಅವು. ಒಣಗಲಿಲ್ಲಂದ್ರ ಖಡಕ್ ಹ್ಯಾಂಗ ಆಗ್ತಾವ?"

"ಅಷ್ಟು ತೆಳ್ಳಗ ಯಾಕ ಬಡದಿ?"

"ನಿಮ್ಮವ್ವ ಹಾಂಗೇ ಕಲಿಸ್ಯಾರ."

"ಅವ್ವ ಯಾಕ..."

"ನನ್ನ ಹೆಸರು ನಡಬರಕ ತರಬ್ಯಾಡ," ಹಿಂದಿನ ಸೀಟಿನಿಂದ ಮಲ್ಲಮ್ಮ ಹೇಳಿದಳು. "ಮುಂದ ಹಂಪ್ ಬಂದದ ನೋಡು."

ಕಾರಿನ ಹೊಟ್ಟೆ ಹಂಪಿನ ಮೇಲೆ ಕರ್ರೆಂದು ಉಜ್ಜಿತು. ಐದನೆಯ 'ಯಾಕ' ಅಲ್ಲೇ ಉಳಿಯಿತು. ಶಶಿಕಾಂತನ ಕಣ್ಣಲ್ಲಿ ನೀರು ಬಂದಂತೆ ಭಾಗ್ಯಶ್ರೀಗೆ ತೋರಿತು.

ಮರುದಿನ ಕಾರ್ಖಾನೆಯಿಂದ ವರ್ನಿಯರ್ ತಂದ. ಎರಡು ದವಡೆಗಳ ನಡುವೆ ಲೋಹದ ತುಂಡನ್ನು ಹಿಡಿದು ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ಉಪಕರಣ ಅದು. ಬುಧವಾರ ಹೆಂಚಿನಿಂದ ಇಳಿದ ಒಂದೊಂದು ರೊಟ್ಟಿಯನ್ನೂ ಅದರ ಬಾಯಿಗೆ ಕೊಟ್ಟ. ನಡುವೆ ಒಂದು ಪಾಯಿಂಟ್ ಎಂಟು ಮಿಲಿಮೀಟರ್, ಅಂಚಿಗೆ ಎರಡು ಪಾಯಿಂಟ್ ಮೂರು. ಫ್ರಿಜ್ಜಿನ ಬಾಗಿಲಿಗೆ ಚಾರ್ಟ್ ಅಂಟಿಸಿದ. ವರ್ನಿಯರಿನ ಹಿಡಿತಕ್ಕೇ ಏಳು ರೊಟ್ಟಿ ಮುರಿದವು. ಅವನ್ನೂ ಚಾರ್ಟಿನಲ್ಲಿ ಭಾಗ್ಯಶ್ರೀಯ ಹೆಸರಿಗೇ ಬರೆದ.

"ವೇರಿಯೇಶನ್ ಭಾಳ ಅದ ಭಾಗ್ಯಾ. ನಿನ್ನ ಕೈ ಬರೋಬರ್ ಇಲ್ಲ."

ಅವಳು ಎಲ್ಲವನ್ನೂ ಬದಲಿಸಿ ನೋಡಿದಳು. ಬೇರೆ ಗಿರಣಿಯ ಹಿಟ್ಟು ತಂದಳು. ಎಸರು ಇನ್ನಷ್ಟು ಕುದಿಸಿದಳು. ಒಂದು ಎಳೆ ದಪ್ಪಗೆ ಬಡಿದಳು. ಎರಡನೆಯ ಶುಕ್ರವಾರ ರೊಟ್ಟಿ ದಪ್ಪದ ಚೂರುಗಳಾಗಿ ನಾಸಿಕ್ ತಲುಪಿದವು. ಶನಿವಾರ ಗಿರಾಕಿಗಳು ಹಲ್ಲಿನ ಡಾಕ್ಟರನ್ನೂ ಊಟದ ಜೊತೆಗೇ ಕೊಡುತ್ತೀರಾ ಎಂದು ಕೇಳಿದರಂತೆ.

ಡಬ್ಬ ತೆರೆದಾಗ ಉಮಾನಾಥ ಈ ಸಲ ತಮಾಷೆ ಮಾಡಲಿಲ್ಲ. "ಅಕ್ಕ, ಬೇಜಾರು ಮಾಡ್ಬೇಡಿ. ಸೊಲ್ಲಾಪುರದವನೊಬ್ಬ ಮಿಷನ್ ರೊಟ್ಟಿ ಕೊಡ್ತೇನೆ ಅಂತಿದ್ದಾನೆ. ಇನ್ನೆರಡು ವಾರ ನೋಡ್ತೇನೆ. ಆಮೇಲೂ ಹೀಗೇ ಆದ್ರೆ ನನ್ನದೂ ಬಿಸ್ನೆಸ್ ಅಲ್ವಾ?"

ಸುಗುಣಾ ಗಂಡನ ಬೆನ್ನ ಹಿಂದಿನಿಂದ ಬಂದು ಚೂರಿನ ಡಬ್ಬಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಂಡಳು. "ಇದನ್ನೆಲ್ಲ ನನಗೆ ಬಿಡಿ ಭಾಗ್ಯಕ್ಕ, ನಾನು ನೋಡ್ಕೊಳ್ತೇನೆ. ಕಾಫಿ ಕುಡಿರಿ ಮೊದಲು," ಎಂದಳು.

ಭಾಗ್ಯಶ್ರೀ ನಿಂತುಕೊಂಡೇ ಕಾಫಿ ಕುಡಿದಳು. ಮಿಷನ್ ರೊಟ್ಟಿಯ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು. ಮನೆಯಲ್ಲಿ ಅವಳು ಮಾಡುವ ಸಾವಿರ ಕೆಲಸಗಳಿಗೆ ಹೆಸರಿರಲಿಲ್ಲ. ಇದೊಂದಕ್ಕೆ ಹೆಸರಿತ್ತು. ನಾಸಿಕ್ ರೋಡಿನ ಫಲಕದ ಮೇಲೆ 'ಭಾಗ್ಯಕ್ಕನ ಖಡಕ್ ರೊಟ್ಟಿ' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿತ್ತು. ಮುಂದಿನ ಬುಧವಾರ ಹಿಟ್ಟು ಬಡಿಯುವಾಗ ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಕಣ್ಣು ಮುಚ್ಚಿ ಬಡಿಯುತ್ತಿದ್ದ ಕೈ ಈಗ ಪ್ರತಿ ಪೆಟ್ಟಿಗೂ ಅನುಮಾನದಿಂದ ನಿಲ್ಲುತ್ತಿತ್ತು.

ಮೂರನೆಯ ಶುಕ್ರವಾರದ ಹೊತ್ತಿಗೆ ಶಶಿಕಾಂತ ಹಂಪುಗಳಿಗೆ ಒಂದು ಪದ್ಧತಿ ಮಾಡಿದ್ದ. ದೊಡ್ಡ ಹಂಪು ಬಂದರೆ ಕಾರು ನಿಲ್ಲಿಸುವುದು. ಭಾಗ್ಯಶ್ರೀ ಇಳಿಯುವುದು. ಅತ್ತೆಯ ಎರಡೂ ರಟ್ಟೆ ಹಿಡಿದು, ಬಾವಿಯಿಂದ ಕೊಡ ಎಳೆದಂತೆ, ಆ ತಗ್ಗಿದ ಸೀಟಿನಿಂದ ಎಳೆಯುವುದು. ಆಮೇಲೆ ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕಾರಿನ ಹೊಟ್ಟೆಯ ಕೆಳಗೆ ನೋಡುತ್ತ "ಬರ್ರಿ, ಬರ್ರಿ, ಜರಾ ಎಡಕ್ಕ" ಎನ್ನುವುದು. ಕಾರು ಹಂಪು ದಾಟಿದ ಮೇಲೆ ಅತ್ತೆಯನ್ನು ಮತ್ತೆ ಇಳಿಬಿಡುವುದು. ವೈಜಾಪುರದಿಂದ ನಿಫಾಡ್ ತನಕ ಹೀಗೆ ಒಂಬತ್ತು ಸಲ. ನಿಫಾಡಿನ ದ್ರಾಕ್ಷಿ ತೋಟದ ಹೆಣ್ಣಾಳುಗಳು ಬೇಲಿಯ ಹತ್ತಿರ ಬಂದು ನಿಂತು ನೋಡಿದರು. ಕಾರು ಕೆಟ್ಟಿದೆಯೇ ಎಂದು ಒಬ್ಬಳು ಮರಾಠಿಯಲ್ಲಿ ಕೇಳಿದಳು.

"ಇಲ್ಲವ್ವ," ಎಂದಳು ಮಲ್ಲಮ್ಮ, ತನ್ನ ಮುರುಕು ಮರಾಠಿಯಲ್ಲಿ. "ಈಗಷ್ಟೇ ಸುಧಾರಿಸ್ಯದ."

ಹತ್ತನೆಯ ಹಂಪಿಗೆ ಮಲ್ಲಮ್ಮ ಇಳಿಯಲಿಲ್ಲ. "ನಾ ಇಳಿಯಂಗಿಲ್ಲ. ಬೇಕಂದ್ರ ಹಂಪ್ ಇಳಸು." ಜಾಗ ಸಾಲದೆ ಆ ದಿನ ಎಂಟನೆಯ ಡಬ್ಬವನ್ನು ಭಾಗ್ಯಶ್ರೀ ಅತ್ತೆಯ ತೊಡೆಯ ಮೇಲಿಟ್ಟಿದ್ದಳು. ಸೀಟಿನಿಂದ ಏಳುವಾಗಲೂ ಕೂರುವಾಗಲೂ ಅದನ್ನು ಮಲ್ಲಮ್ಮ ಮೊಮ್ಮಗುವಿನ ಹಾಗೆ ಎದೆಗೊತ್ತಿ ಹಿಡಿದಿದ್ದಳು.

ನಾಸಿಕ್ ರೋಡಿನಲ್ಲಿ ಏಳು ಡಬ್ಬ ಗರಗರ ಅಂದವು. ಎಂಟನೆಯದು ಸುಮ್ಮನಿತ್ತು. ಭಾಗ್ಯಶ್ರೀ ಸೀರೆ ಬಿಚ್ಚಿದಳು. ಎಂಬತ್ತಕ್ಕೆ ಎಂಬತ್ತೂ ಹುಣ್ಣಿಮೆ ಚಂದ್ರನಂತೆ ಇಡಿಯಾಗಿದ್ದವು.

ಎಲ್ಲರೂ ಅದನ್ನೇ ನೋಡಿದರು.

"ಅವ್ವನ ಕೈಗುಣ," ಎಂದ ಶಶಿಕಾಂತ.

"ಕೈಗುಣ ಅಲ್ಲೋ ಖೋಡಿ, ತೊಡಿಗುಣ!" ಮಲ್ಲಮ್ಮ ದೋಸೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅವಳು ದೋಸೆ ಬಿಟ್ಟು ಮಾತಾಡಿದ್ದು ಅದೇ ಮೊದಲು. "ಅದೇ ಹಿಟ್ಟು, ಅದೇ ಹೆಂಚು, ಅದೇ ಕೈ. ಮುರದಿದ್ದು ನಿನ್ನ ಸೀಟಿನ ಮ್ಯಾಲಿಂದು. ಇಡೀ ಉಳದಿದ್ದು ನನ್ನ ತೊಡಿ ಮ್ಯಾಲಿಂದು. ನಿನ್ನ ಆ ಇಂಗ್ಲಿಷ್ ಸ್ಪ್ರಿಂಗಿಗಿಂತ ನಿಮ್ಮವ್ವನ ತೊಡಿ ಚಲೋ ಅದ. ಐದ್ ಸಲ ಯಾಕ ಯಾಕ ಅಂದಿ, ಒಂದ್ ಸಲ ಗಾಡೀನ ಕೇಳ್ದಿ ಏನು?"

ಉಮಾನಾಥ ನಗು ತಡೆಯಲು ಗಲ್ಲೆಯ ಡ್ರಾಯರನ್ನು ತೆರೆದು ಮುಚ್ಚಿದ. "ಅಕ್ಕ, ಹಾಗಾದ್ರೆ ಮುಂದಿನ ವಾರ ಎಂಟು ಅಜ್ಜಿಯರನ್ನು ಕರ್ಕೊಂಡು ಬನ್ನಿ. ಅದು ಆಗದಿದ್ರೆ ಸೊಲ್ಲಾಪುರದವನಿಗೆ ಹೂಂ ಅಂತೇನೆ."

ಮನೆಗೆ ಬರುವ ದಾರಿಯಲ್ಲಿ ಭಾಗ್ಯಶ್ರೀ ಒಂದೇ ಮಾತು ಹೇಳಿದಳು. "ಗಾಡಿ ಏರಸ್ರಿ."

"ಆಗಂಗಿಲ್ಲ. ಸೆಟ್ಟಿಂಗ್ ಹಾಳಾಗ್ತದ. ಲುಕ್ ಹೋಗ್ತದ."

ಅವಳು ಮತ್ತೇನೂ ಹೇಳಲಿಲ್ಲ. ಶಶಿಕಾಂತ ಅದನ್ನು ಒಪ್ಪಿಗೆ ಎಂದುಕೊಂಡ. ಇಪ್ಪತ್ತಾರು ವರ್ಷ ಅದು ಒಪ್ಪಿಗೆಯೇ ಆಗಿತ್ತು.

ಗುರುವಾರ ಮಧ್ಯಾಹ್ನ ಮೊದಲ ಪಾಳಿ ಮುಗಿಸಿ ಶಶಿಕಾಂತ ಕಾರ್ಖಾನೆಯ ಬಸ್ಸಿನಲ್ಲಿ ಬಂದಾಗ ಪಾರ್ಕಿಂಗಿನಲ್ಲಿ ಅವನ ಕಾರು ಹಿಂಭಾಗ ಎತ್ತಿಕೊಂಡು ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟಿತ್ತು. ಹಿಂದಿನ ಎರಡೂ ಚಕ್ರಗಳು ಗೋಡೆಗೆ ಒರಗಿದ್ದವು. ಹಳೆಯ ನೈಟಿಯ ಮೇಲೆ ಟವೆಲು ಸುತ್ತಿಕೊಂಡು ಭಾಗ್ಯಶ್ರೀ ಮಣೆಯ ಮೇಲೆ ಕೂತಿದ್ದಳು. ಹೆಂಚು ಉಜ್ಜುವ ತಂತಿ ಬ್ರಶ್ಶಿನಿಂದ ಥ್ರೆಡ್ಡಿನ ಮಣ್ಣು ಉಜ್ಜುತ್ತಿದ್ದಳು. ಮೆಟ್ಟಿಲ ಮೇಲೆ ಮಲ್ಲಮ್ಮ, ಅವಳ ಪಕ್ಕ ಸ್ಪೀಕರ್ ಹಾಕಿಟ್ಟ ಫೋನು.

"ಏನ್ ಮಾಡ್ಲಕತ್ತಿ?" ಶಶಿಕಾಂತ ಕೂಗಿದ.

"ಅಡಿಗಿ," ಎಂದಳು ಭಾಗ್ಯಶ್ರೀ, ತಿರುಗಿ ನೋಡದೆ. "ಬಂದ್ರೇನು? ಚಲೋ ಆಯ್ತು. ಟಾರ್ಚ್ ಹಿಡೀರಿ."

ಫೋನಿನಿಂದ ಸಾಯಬಣ್ಣನ ದನಿ ಬಂತು. "ಅಕ್ಕಾ, ಅಣ್ಣಾರು ಬಂದ್ರೇನು? ಅವರ ಕೈಗೆ ಕೊಡ್ರಿ ಪಾನಾ."

"ಅಣ್ಣಾರ ಕೈ ಖಾಲಿ ಇಲ್ಲ ಸಾಯಬಣ್ಣ. ಟಾರ್ಚ್ ಹಿಡದಾರ. ನೀ ಮುಂದ ಹೇಳು."

ಟಾರ್ಚ್ ಹಿಡಿಯುವುದು ಇಷ್ಟು ಕಷ್ಟವೆಂದು ಶಶಿಕಾಂತನಿಗೆ ಗೊತ್ತಿರಲಿಲ್ಲ. ಮೊದಲು ಬೆಳಕು ಅವಳ ಕಣ್ಣಿಗೆ ಬಿತ್ತು. ಆಮೇಲೆ ಅವನದೇ ತಲೆಯ ನೆರಳು ಅಡ್ಡ ಬಂತು. ಆಮೇಲೆ ಅವನಿಗೆ ಒಂದು ಮೆಸೇಜು ಬಂದು, ಬೆಳಕು ಪಕ್ಕದವರ ಸ್ಕೂಟರಿನ ಮೇಲೆ ಹೋಯಿತು.

"ಎಲ್ಲಿ ಹಿಡೀಲಕತ್ತೀರಿ? ಕೈ ಎಲ್ಲದ, ಬೆಳಕು ಅಲ್ಲಿ ಬೀಳಬೇಕು. ಇಷ್ಟೂ ತಿಳಿಯಂಗಿಲ್ಲೇನು?"

ಈ ವಾಕ್ಯವನ್ನು ಅವನು ಎಲ್ಲೋ ಕೇಳಿದ್ದ. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಅದು ತನ್ನದೇ ಎಂದು ನೆನಪಾಯಿತು. ಗೀಸರ್ ರಿಪೇರಿಯ ದಿನ ಹೇಳಿದ್ದು. ಸಿಂಕಿನ ದಿನವೂ.

ಭಾಗ್ಯಶ್ರೀ ಕೊಕ್ಕೆಯಂಥ ಪಾನಾವನ್ನು, ಅಂದರೆ ಸ್ಪ್ಯಾನರನ್ನು, ಬೀಗದ ರಿಂಗಿನ ಹಲ್ಲಿಗೆ ಸಿಕ್ಕಿಸಿ ಜಗ್ಗಿದಳು. ಜಗ್ಗಲಿಲ್ಲ. ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ತೋಳು ಎರಡನೆಯ ಸಲ ಜಗ್ಗಿತು. ರಿಂಗು ಕಿರ್ ಎಂದು ಸಡಿಲಾಯಿತು. ತಿರುಗಿಸುವ ಮೊದಲು ಅವಳು ಬಟ್ಟಲಿನ ಕೆಳಗೆ ಕಾಣುವ ಥ್ರೆಡ್‌ಗಳನ್ನು ಉಗುರಿನಿಂದ ಒಂದೊಂದಾಗಿ ಎಣಿಸಿದಳು. ಆಮೇಲೆ ಆ ಕಡೆ ಹೋಗಿ ಎಣಿಸಿದಳು.

"ಈ ಕಡಿ ಒಂಬತ್ತು. ಆ ಕಡಿ ಹನ್ನೆರಡು."

"ಆಗಂಗಿಲ್ಲ," ಎಂದ ಶಶಿಕಾಂತ.

"ನೀವೇ ಎಣಸ್ರಿ."

ಎಣಿಸಿದ. ಒಂಬತ್ತು, ಹನ್ನೆರಡು. ಮೂವತ್ತು ವರ್ಷ ಬೇರೆಯವರ ಕೆಲಸಕ್ಕೆ ಚೀಟಿ ಅಂಟಿಸಿದ ಮನುಷ್ಯ ಟಾರ್ಚನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಕಾರ್ಖಾನ್ಯಾಗ ಇದಕ್ಕ ಏನಂತ ಚೀಟಿ ಹಚ್ತೀರಿ?" ಭಾಗ್ಯಶ್ರೀ ಕೇಳಿದಳು.

ಫೋನಿನೊಳಗಿಂದ ಸಾಯಬಣ್ಣ ಹೇಳಿದ. "ರಿಜೆಕ್ಟ್ ಅಂತಾರ ಅಕ್ಕಾ."

ಎರಡೂ ಕಡೆ ಸಮ ಮಾಡಿ, ಬಟ್ಟಲನ್ನು ಮೇಲೇರಿಸಿ, ಬೀಗದ ರಿಂಗು ಬಿಗಿದು, ಚಕ್ರ ಹಾಕಿ, ಕಾರನ್ನು ಕೆಳಗಿಳಿಸಿದಳು. ಸ್ಪ್ರಿಂಗು ತನ್ನ ಜಾಗಕ್ಕೆ ಕೂರಲೆಂದು ಗಂಡಹೆಂಡತಿ ಕಾರನ್ನು ನಾಲ್ಕು ಸಲ ಹಿಂದೆ ಮುಂದೆ ನೂಕಿದರು. ಶಶಿಕಾಂತ ಟೇಪು ತೆಗೆದ.

"ತಡೀರಿ," ಎಂದಳು ಭಾಗ್ಯಶ್ರೀ. "ಅವತ್ತ ಅಳದಾಗ ಗಾಡ್ಯಾಗ ಏನಿತ್ತು?"

"ಏನಿತ್ತು? ಖಾಲಿ ಇತ್ತು."

"ಖಾಲಿ ಗಾಡಿ ಅಳದು ಎತ್ತರ ಇಟ್ರಿ?"

"ಮೂರು ಮಂದಿ ಕುಂದರ್ತೀವಂತ ಅಂದಾಜು ಹಿಡದಿದ್ದೆ."

"ರೊಟ್ಟಿ?"

"ರೊಟ್ಟಿ ಏನ್ ಭಾರ ಇರ್ತಾವ ಭಾಗ್ಯಾ?"

ಮಲ್ಲಮ್ಮ ಮೆಟ್ಟಿಲಿನ ಮೇಲೆ ಒಂದಿಷ್ಟು ಸರಿದು ದಾರಿ ಬಿಟ್ಟಳು.

"ಡಬ್ಬ ಎಲ್ಲಾ ಕಟ್ಟಿಟ್ಟೀನಿ," ಎಂದಳು ಭಾಗ್ಯಶ್ರೀ. "ತರ್ರಿ ತಳಗ."

ಮೊದಲ ಡಬ್ಬವನ್ನು ಅವನು ಒಂದೇ ಕೈಯಲ್ಲಿ ತಂದ. ಎರಡನೆಯದನ್ನು ಎರಡು ಕೈಯಲ್ಲಿ ತಂದ, ಏಕೆಂದರೆ ಒಂದು ಕೈಯಲ್ಲಿ ಹಿಡಿದರೆ ಓರೆಯಾಗುತ್ತದೆ, ಓರೆಯಾದರೆ ಮುರಿಯುತ್ತದೆ ಎಂದು ಮೇಲಿನಿಂದ ಕೆಳಗಿನ ತನಕ ಮಲ್ಲಮ್ಮ ಕೂಗುತ್ತಿದ್ದಳು. ನಾಲ್ಕನೆಯದಕ್ಕೆ ಎರಡನೇ ಮಹಡಿಯಲ್ಲಿ ನಿಂತ. ಏಳನೆಯದಕ್ಕೆ ಕೂತ. ಚಟ್ನಿ ಡಬ್ಬಿಗಳು ಬರುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

"ಎಷ್ಟದ ಇದು ಒಟ್ಟು?"

"ಎಪ್ಪತ್ತು ಕೇಜಿ ಮ್ಯಾಲ ಅದ. ವಾರಾ ಇಷ್ಟೇ."

"ವಾರಾ ಯಾರು..." ಎಂದು ಶುರುಮಾಡಿ ಶಶಿಕಾಂತ ನಿಲ್ಲಿಸಿದ. ಅದು ಕೇಳಬೇಕಾದ ಪ್ರಶ್ನೆ ಅಲ್ಲವೆಂದು ಅವನಿಗೇ ಹೊಳೆಯಿತು.

"ಇನ್ನ ಅತ್ತಿ," ಎಂದಳು ಭಾಗ್ಯಶ್ರೀ.

"ನನ್ನ ತೂಕ ಯಾರರ ಚಾರ್ಟಿನ್ಯಾಗ ಬರದ್ರ ಕೈ ಮುರೀತೀನಿ," ಎನ್ನುತ್ತ ಮಲ್ಲಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಕಾರು ಉಸ್ಸೆಂದು ತಗ್ಗಿತು. ಭಾಗ್ಯಶ್ರೀ ಗಂಡನನ್ನು ಬಗ್ಗಿಸಿ ಚಕ್ರದ ಒಳಭಾಗ ತೋರಿಸಿದಳು. ಭಾರ ಬಿದ್ದಾಗ ಸ್ಪ್ರಿಂಗು ಪೂರ್ತಿ ಕುಗ್ಗದಂತೆ ತಡೆಯಲು ಅದರ ಕೊನೆಯಲ್ಲಿ ಒಂದು ರಬ್ಬರ್ ಗಟ್ಟಿ ಇದೆ. ಇಷ್ಟು ಏರಿಸಿದ ಮೇಲೂ ಅದಕ್ಕೂ ಕಾರಿಗೂ ನಡುವೆ ಒಂದು ಬೆರಳಷ್ಟೇ ಉಳಿದಿತ್ತು. ಇಷ್ಟು ವಾರ ಕಾರು ಸ್ಪ್ರಿಂಗಿನ ಮೇಲೆ ಓಡಿರಲೇ ಇಲ್ಲ. ಆ ಗಟ್ಟಿ ರಬ್ಬರಿನ ಮೇಲೆ ಕೂತು, ಪ್ರತಿ ಕುಣಿಯ ಪೆಟ್ಟನ್ನೂ ನೇರ ರೊಟ್ಟಿಗೆ ಮುಟ್ಟಿಸಿತ್ತು.

"ಇನ್ನೂ ಏರಬೇಕು," ಎಂದಳು.

ಮಲ್ಲಮ್ಮ ಇಳಿದಳು. ಡಬ್ಬಗಳು ಇಳಿದವು. ಕಾರು ಏರಿತು. ಚಕ್ರ ಬಿಚ್ಚಿ, ತಿರುಗಿಸಿ, ಎಣಿಸಿ, ಬಿಗಿದು, ಮುಂದಿನ ಚಕ್ರಗಳಿಗೂ ಅಷ್ಟಿಷ್ಟು ಏರಿಸಿ, ಮತ್ತೆ ಇಳಿಸಿ, ಮತ್ತೆ ತುಂಬಿ, ಮತ್ತೆ ಮಲ್ಲಮ್ಮ. "ಏರಿನ್ನ, ಇಳೀನ್ನ. ನಾ ಏನ್ ಈ ಬಿಲ್ಡಿಂಗಿನ ಲಿಫ್ಟೇನು?" ಎಂದು ಅವಳು ಗೊಣಗಿದರೂ, ಮೂರನೆಯ ಸಲ ಯಾರೂ ಕರೆಯುವ ಮೊದಲೇ ಹತ್ತಿ ಕೂತಳು. ಈಗ ತುಂಬಿದ ಕಾರಿನಲ್ಲಿ ಟೈರಿನ ಮೇಲೆ ನಾಲ್ಕು ಬೆರಳು ಜಾಗ ಉಳಿಯಿತು. ಎಡಕ್ಕೂ ಬಲಕ್ಕೂ ಅಷ್ಟೇ. ಭಾಗ್ಯಶ್ರೀ ಬೆರಳಿನಿಂದ ನೋಡಿದಳು. ಶಶಿಕಾಂತ ಟೇಪಿನಿಂದ ನೋಡಿದ. ಒಂದು ಮಿಲಿಮೀಟರ್ ವ್ಯತ್ಯಾಸ ಸಿಕ್ಕೀತೇನೋ ಎಂದು ಎರಡು ಸಲ ನೋಡಿದ.

ಭಾರ ಇಳಿಸಿದ ಮೇಲೆ ಖಾಲಿ ಕಾರು ಎತ್ತರಕ್ಕೆ ನಿಂತಿತು.

"ಹುಲಿ ಹೋಗಿ ಒಂಟಿ ಆಯ್ತು," ಎಂದ ಅವನು ದುಃಖದಿಂದ.

"ಒಂಟಿ ಭಾರ ಹೊರ್ತದ," ಎಂದಳು ಮಲ್ಲಮ್ಮ. "ಕಪ್ಪಿ ಏನ್ ಹೊರ್ತದ?"

ಆ ದಿನ ನೈಟಿಯ ಗ್ರೀಸಿನ ಕಲೆಯನ್ನು ಭಾಗ್ಯಶ್ರೀ ತಾನೇ ಒಗೆದಳು. ಎಲ್ಲವೂ ಒಂದೇ ದಿನಕ್ಕೆ ಬದಲಾಗುವು‌ದಿಲ್ಲ.

ಶುಕ್ರವಾರ ಬೆಳಿಗ್ಗೆ ಮೊದಲು ಸಾಯಬಣ್ಣನ ಗ್ಯಾರೇಜಿಗೆ ಹೋದರು. ಎತ್ತರ ಬದಲಾದರೆ ಚಕ್ರಗಳ ನೇರವನ್ನೂ ಹೊಂದಿಸಬೇಕು. ಸಾಯಬಣ್ಣ ಕೆಳಗೆ ಬಗ್ಗಿ ನಾಲ್ಕೂ ಕಡೆ ನೋಡಿದ, ರಿಂಗುಗಳನ್ನು ತಟ್ಟಿ ನೋಡಿದ, ಎದ್ದು ಶಶಿಕಾಂತನ ಭುಜ ಮುಟ್ಟಿದ.

"ಅಣ್ಣಾರ, ಟಾರ್ಚ್ ಮಸ್ತ್ ಹಿಡದೀರಿ."

ಹಾದಿಯಲ್ಲಿ ಪ್ರತಿ ಕುಣಿಗೂ ಭಾಗ್ಯಶ್ರೀ ಹಿಂದಕ್ಕೆ ಕಿವಿಗೊಡುತ್ತಿದ್ದಳು. ಯೇವಲಾ ದಾಟಿದರು, ಗರಗರ ಸದ್ದಿಲ್ಲ. ನಿಫಾಡಿನ ದೊಡ್ಡ ಹಂಪು ಬಂತು. ಶಶಿಕಾಂತ ಅಭ್ಯಾಸದಂತೆ ನಿಲ್ಲಿಸಿದ. ಯಾರೂ ಇಳಿಯಲಿಲ್ಲ. ಬೇಲಿಯ ಆಚೆ ಅದೇ ಹೆಂಗಸರು ಕತ್ತರಿ ಹಿಡಿದು ಕಾಯುತ್ತ ನಿಂತಿದ್ದರು. ಅವನು ಮೆಲ್ಲಗೆ ಗೇರ್ ಹಾಕಿದ. ಕಾರು ಹಂಪನ್ನು ಹತ್ತಿ, ತಲೆದೂಗಿದಂತೆ ಒಮ್ಮೆ ತೂಗಿ, ಇಳಿಯಿತು. ಹೆಂಗಸರಿಗೆ ನಿರಾಶೆಯಾಯಿತು.

ಹೋಟೆಲಿನಲ್ಲಿ ಉಮಾನಾಥ ಫೋನನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಒಂದೊಂದೇ ಗಂಟು ಬಿಚ್ಚಿತು. ಭಾಗ್ಯಶ್ರೀ ನೋಡಲಿಲ್ಲ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲ ಕಡೆಗೆ ಮುಖ ಮಾಡಿದ್ದಳು. ಎಣಿಕೆ ಮುಗಿಯಿತು.

"ನಾಲ್ಕು," ಎಂದ ಉಮಾನಾಥ. "ಆರುನೂರ ನಲವತ್ತರಲ್ಲಿ ನಾಲ್ಕೇ ಮುರಿದದ್ದು ಮಾರಾಯ್ರೆ! ಸೊಲ್ಲಾಪುರದವನಿಗೆ ಬೇಡ ಅಂತೇನೆ ಈಗಲೇ."

ಭಾಗ್ಯಶ್ರೀ ಸೆರಗಿನಿಂದ ಕೈ ಬಿಡಿಸಿಕೊಂಡಳು. ಕೈ ಕೈಯಂತೆಯೇ ಇತ್ತು.

ಆದರೆ ಸುಗುಣಾಳ ಮುಖ ಇಳಿದಿತ್ತು. "ನಾಲ್ಕೇ? ಅಯ್ಯೋ ದೇವರೇ, ನಾಳೆ ನಾನು ಎಂತ ಮಾಡುದು?"

ಮೂರು ವಾರದ ಚೂರುಗಳನ್ನು ಅವಳು ಎಸೆದಿರಲಿಲ್ಲ. ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆರಸ, ಭಾಗ್ಯಶ್ರೀಯದೇ ಶೇಂಗಾ ಚಟ್ನಿ ಕಲಸಿ, ಮೇಲೆ ಎಣ್ಣೆ ಬಿಟ್ಟು 'ರೊಟ್ಟಿ ಚುರಾ' ಎಂದು ಸಂಜೆಯ ತಿಂಡಿಗೆ ಇಟ್ಟಿದ್ದಳು. ಊರಿನ ನೋಟು ಮುದ್ರಿಸುವ ಪ್ರೆಸ್ಸಿನ ನೌಕರರು ರೈಲು ಹಿಡಿಯುವ ಮೊದಲು ಅದನ್ನೇ ಕೇಳಿಕೊಂಡು ಬರತೊಡಗಿದ್ದರು. ನಾಳೆಗೆ ಮೂವತ್ತು ಪ್ಲೇಟು ಹೇಳಿಹೋಗಿದ್ದರು.

"ಅದು ಈ ಚೂರಾ?" ಉಮಾನಾಥ ಬಾಯಿ ತೆರೆದ. "ಹೊಸ ಐಟಂ ಅಂತ ನಾನು ಬೋರ್ಡಿಗೆ ಬರೆಸಿದ್ದು! ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಎಷ್ಟು ಚೂರಾಗಿದೆ ಅಂತ ಲೆಕ್ಕ ಹಾಕಿ ನೀವು ಮೊದಲನೇ ವಾರವೇ ಸೊಲ್ಲಾಪುರಕ್ಕೆ ಫೋನ್ ಮಾಡ್ತಿದ್ರಿ."

ಶಶಿಕಾಂತನ ಕಣ್ಣಲ್ಲಿ ಹಿಂದಿನ ದಿನ ಆರಿಹೋದ ಬೆಳಕು ಮತ್ತೆ ಬಂತು. "ಹಾಂಗಾದ್ರ ಭಾಗ್ಯಾ, ಹಿಂದ ಒಂದ್ ನಾಕು ಥ್ರೆಡ್ ಇಳಸಿದ್ರ..."

ಭಾಗ್ಯಶ್ರೀ ಒಂದು ಡಬ್ಬವನ್ನು ಎತ್ತಿ ಅವನ ಮುಂದೆ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಅಗಲ ತಟ್ಟೆಯಂಥ ಒಂದು ದೊಡ್ಡ ಪರಾತ ಇಟ್ಟಳು.

"ಗಾಡಿ ಯಾಕ ಮುರೀಬೇಕು? ನೀವ್ ಕುಂತು ಮುರೀರಿ. ಎಲ್ಲಾ ತುಂಡೂ ಬರೋಬರ್ ಇರ್ಲಿ. ವೇರಿಯೇಶನ್ ನಡ್ಯಂಗಿಲ್ಲ."

ಅವನು ಉಮಾನಾಥನ ಕಡೆ ನೋಡಿದ. ಉಮಾನಾಥನ ಮುಂದೆ ಸುಗುಣಾ ಆಗಲೇ ಇನ್ನೊಂದು ಡಬ್ಬ ಇಟ್ಟಿದ್ದಳು. ಇಬ್ಬರೂ ಎದುರು ಬದುರು ಕೂತರು. ಶಶಿಕಾಂತ ಮೊದಲ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಒತ್ತಿದ. ರೊಟ್ಟಿ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಒತ್ತಿದ.

"ಭಾಳ ಗಟ್ಟಿ ಅವಲ್ಲೇ ಇವು!" ಎಂದ ಆಶ್ಚರ್ಯದಿಂದ.

ನಾಲ್ಕು ವಾರದಲ್ಲಿ ಭಾಗ್ಯಶ್ರೀಯ ಕೈಗೆ ಸಿಕ್ಕ ಮೊದಲ 'ಪಾಸ್' ಚೀಟಿ ಅದು. ಅವಳು ಕುರ್ಚಿ ಎಳೆದು ಕೂತು ಕಾಫಿ ಕುಡಿದಳು. ಮುಗಿದ ಮೇಲೆ ಇನ್ನೊಂದು ಲೋಟ ಹೇಳಿದಳು.

ಪಕ್ಕದ ಮೇಜಿನಲ್ಲಿ ಮಲ್ಲಮ್ಮ ದೋಸೆಯ ಕೊನೆಯ ತುಂಡನ್ನು ಚಟ್ನಿಗೆ ಅದ್ದಿ, ಬಾಯಿಗಿಡುವ ಮೊದಲು ಮಗನ ಪರಾತದ ಕಡೆಗೆ ಬಗ್ಗಿದಳು.

"ಶಶ್ಯಾ, ಬೆಳಕು ಸಾಲ್ತದೇನೋ? ಟಾರ್ಚ್ ಹಿಡೀಲೇನು?"